ಫಲಕ ಮೀಮಾಂಸೆ: ಬೃಹತ್ ಸಂಸ್ಥೆಗಳಲ್ಲಿ ನಾಯಕತ್ವ ಹಾಗೂ ಬದಲಾವಣೆಯ ನಿರ್ವಹಣೆ ಕುರಿತ ಕಿರು ಮಹಾಪ್ರಬಂಧ

ಲಕ್ಷಣ ನಿರೂಪಣೆ

ದೊಡ್ಡ ಸಂಸ್ಥೆ ಎಂದರೇನು? ಆಡಳಿತಶಾಸ್ತ್ರಜ್ಞರು ನೌಕರರ ಸಂಖ್ಯೆ, ವಾರ್ಷಿಕ ವಹಿವಾಟು, ಕಟ್ಟಡದ ಅಂತಸ್ತು ಮುಂತಾದ ಸ್ಥೂಲ ಸಂಗತಿಗಳನ್ನು ಹೇಳಿ ಕೈತೊಳೆದುಕೊಂಡಿದ್ದಾರೆ. ಪ್ರಸ್ತುತ ಪ್ರಬಂಧಕಾರನ ಲಕ್ಷಣವಾಕ್ಯ ಬೇರೆ. ನಿಮ್ಮ ಅರ್ಜಿ ಎಲ್ಲಿದೆ ಎಂಬುದು ಯಾವ ಸಂಸ್ಥೆಯ ಮುಖ್ಯಸ್ಥರಿಗೆ ಗೊತ್ತಿರುವುದಿಲ್ಲವೋ, ಆದರೆ ಅವರ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತ ದಫೇದಾರನಿಗೆ ಗೊತ್ತಿರುತ್ತದೋ ಅದು ದೊಡ್ಡ ಸಂಸ್ಥೆ. ತಾರ್ಕಿಕರು ಹೇಳುವ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳೂ ಈ ಲಕ್ಷಣಕ್ಕಿಲ್ಲ. ಬೇಕಾದವರು ಯಾವುದಾದರೂ ಕಚೇರಿಗೆ ಅರ್ಜಿ ಕೊಟ್ಟು ಪರೀಕ್ಷಿಸಬಹುದು.

ಪೂರ್ವಪಕ್ಷ

ಬದಲಾವಣೆಯ ಬಗ್ಗೆ ಬರೆದ ಪಡುವಣದ ಆಚಾರ್ಯರಲ್ಲಿ ಮೊದಲು ನೆನೆಯಬೇಕಾದವರು ಕರ್ಟ್ ಲೆವಿನ್. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಈ ಮನಶ್ಶಾಸ್ತ್ರಜ್ಞರು 1947ರಲ್ಲಿ ಮಂಡಿಸಿದ ಮತ ಇಷ್ಟು: ಹೆಪ್ಪುಗಟ್ಟಿದ್ದನ್ನು ಮೊದಲು ಕರಗಿಸಬೇಕು, ಆಮೇಲೆ ಬೇಕಾದ ಕಡೆಗೆ ಸರಿಸಬೇಕು, ಕೊನೆಗೆ ಮತ್ತೆ ಹೆಪ್ಪುಗಟ್ಟಿಸಬೇಕು. ಮತ ಸೊಗಸಾಗಿದೆ. ಆದರೆ ನಮ್ಮಲ್ಲಿ ಕರಗುವ ಅವಸ್ಥೆ ಕಾಣಿಸುವುದು ಮೇ-ಜೂನ್ ತಿಂಗಳ ವರ್ಗಾವಣೆ ಋತುವಿನಲ್ಲಿ ಮಾತ್ರ. ಅದೂ ಕಚೇರಿಯಲ್ಲಲ್ಲ, ಶಾಸಕರ ಮನೆಯ ಜಗಲಿಯಲ್ಲಿ. ಆದೇಶ ಕೈಸೇರಿದ ಮರುದಿನವೇ ಎಲ್ಲರೂ ನೇರವಾಗಿ ಮೂರನೆಯ ಅವಸ್ಥೆಗೆ ದಾಟುತ್ತಾರೆ. ನಡುವಿನದು ಆಚಾರ್ಯರ ಕಲ್ಪನೆ ಇರಬೇಕು.

ಹಾರ್ವರ್ಡಿನ ಜಾನ್ ಕಾಟರ್ 1995ರಲ್ಲಿ ಒಂದು ಲೇಖನ, ಮರುವರ್ಷ ಒಂದು ಪುಸ್ತಕ ಬರೆದು ಬದಲಾವಣೆಗೆ ಎಂಟು ಮೆಟ್ಟಿಲು ಕಟ್ಟಿಕೊಟ್ಟರು. ಮೊದಲನೆಯದು, ಸಂಸ್ಥೆಯಲ್ಲಿ ತುರ್ತಿನ ಭಾವ ಮೂಡಿಸುವುದು. ಈ ವಿಷಯದಲ್ಲಿ ಹಾರ್ವರ್ಡು ನಮ್ಮಿಂದ ಕಲಿಯುವುದಿದೆ. ನಮ್ಮಲ್ಲಿ ‘ತುರ್ತು’, ‘ಅತಿ ತುರ್ತು’, ‘ಅತಿ ಜರೂರು’, ‘ಇಂದೇ’ ಎಂದು ತುರ್ತಿನಲ್ಲಿಯೇ ತಾರತಮ್ಯವುಂಟು. ಕೆಂಪು ಚೀಟಿ ಅಂಟಿಸಿಕೊಂಡ ಕಡತಗಳೆಲ್ಲ ಒಂದೇ ಕಟ್ಟಾಗಿ ಬೀರುವಿನ ಮೇಲೆ ಕೂರುತ್ತವೆ. ಚೀಟಿಯಿಲ್ಲದ ಬಡಪಾಯಿ ಕಡತ ಮೇಜಿನ ಮೇಲೆಯೇ ಬಿದ್ದಿರುವುದರಿಂದ ಅದೇ ಮೊದಲು ವಿಲೇವಾರಿಯಾಗುತ್ತದೆ. ಉಳಿದ ಏಳು ಮೆಟ್ಟಿಲುಗಳನ್ನು ವಿಸ್ತರಭಯದಿಂದ ಇಲ್ಲಿ ಹತ್ತಿಲ್ಲ.

ಈ ಪರಂಪರೆಯಲ್ಲಿ ಪ್ರಬಂಧಕಾರನಿಗೆ ನಿಜವಾಗಿ ಗೌರವವಿರುವುದು ಒಬ್ಬರ ಮೇಲೆ: ನೌಕಾ ಇತಿಹಾಸಕಾರ ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್. ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧನೌಕೆಗಳು 1914ರಲ್ಲಿ 62 ಇದ್ದವು, 1928ಕ್ಕೆ 20ಕ್ಕೆ ಇಳಿದವು. ಅದೇ ಅವಧಿಯಲ್ಲಿ ನೌಕಾ ಇಲಾಖೆಯ ಕಚೇರಿ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದರು. 1955ರಲ್ಲಿ ಅವರು ಇದನ್ನು ಬರೆದಾಗ ಓದಿದವರು ನಕ್ಕರಂತೆ. ನಗುವಂಥದ್ದೇನೂ ಇಲ್ಲ. ಹಡಗು, ಸಮುದ್ರ, ಶತ್ರು ಮುಂತಾದ ಉಪಾಧಿಗಳೆಲ್ಲ ಒಂದೊಂದಾಗಿ ಕಳಚಿದ ಮೇಲೆ ಉಳಿಯುವ ನಿರ್ವಿಶೇಷ ಆಡಳಿತದ ಕಡೆಗೆ ಅವರು ಬೆರಳು ತೋರಿಸಿದ್ದರು. ಅವರಿಗೆ ಸಂಸ್ಕೃತ ಬರುತ್ತಿದ್ದರೆ ಭಾಷ್ಯವನ್ನೇ ಬರೆಯುತ್ತಿದ್ದರು.

ಸಿದ್ಧಾಂತ

ಸೂತ್ರ 1: ಬದಲಾವಣೆಯು ಫಲಕದಲ್ಲಿ ಜರುಗುತ್ತದೆ.

ಇದಕ್ಕೆ ದೃಷ್ಟಾಂತವನ್ನು ದೂರದಿಂದ ತರಬೇಕಿಲ್ಲ. ಸ್ವಿಚ್ಚು ಒತ್ತಿದರೆ ಸಾಕು. ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿದ್ದು 1957ರಲ್ಲಿ. 1973ರಲ್ಲಿ ನಾಡು ಕರ್ನಾಟಕವಾದ ಮೇಲೆ ಮಂಡಳಿಯೂ ಕರ್ನಾಟಕದ್ದಾಗಿ ಜನರ ಬಾಯಲ್ಲಿ ಕೆಇಬಿ ಎಂದು ನೆಲೆಗೊಂಡಿತು. 1999ರ ಆಗಸ್ಟ್ 1ರಂದು ಅದು ವಿದ್ಯುತ್ ಪ್ರಸರಣ ನಿಗಮವಾಯಿತು. 2002ರಲ್ಲಿ ಮನೆಮನೆಗೆ ಕರೆಂಟು ಹಂಚುವ ಕೆಲಸ ಬೇರ್ಪಟ್ಟು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂಬ ನಾಲ್ಕು ಕಂಪನಿಗಳಾದವು. 2005ರಲ್ಲಿ ಮೆಸ್ಕಾಂನಿಂದ ಮೈಸೂರು ಸೀಮೆ ಪಾಲು ತೆಗೆದುಕೊಂಡು ಹೊರಟು, ಚಾಮುಂಡೇಶ್ವರಿಯ ಹೆಸರಿನಲ್ಲಿ ಐದನೆಯ ಮನೆ ಹೂಡಿತು. ಪ್ರತಿ ಹಂತದಲ್ಲೂ ಫಲಕ ಬದಲಾಯಿತು, ಮೊಹರು ಬದಲಾಯಿತು, ಲೆಟರ್‌ಹೆಡ್ಡು ಬದಲಾಯಿತು, ಜೀಪಿನ ಬಾಗಿಲಿಗೆ ಹೊಸ ಬಣ್ಣ ಬಿತ್ತು. ಹಳೆಯ ಲೆಟರ್‌ಹೆಡ್ಡುಗಳ ಹಿಂಬದಿಯಲ್ಲಿ ಕರಡು ಬರೆಯಲು ವರ್ಷಗಟ್ಟಲೆ ಕಾಗದ ಸಿಕ್ಕಿತು. ಸುಧಾರಣೆಯ ಈ ಲಾಭವನ್ನು ಯಾವ ವರದಿಯೂ ದಾಖಲಿಸಿಲ್ಲ.

ಈಗ ಟೀಸಿ ಸುಟ್ಟುಹೋದ ಯಾವುದಾದರೂ ಹಳ್ಳಿಗೆ ಹೋಗಿ ನಿಲ್ಲಿ. ‘ಕೆಇಬಿಯವ್ರು ಇನ್ನೂ ಬಂದಿಲ್ಲ’ ಎಂಬ ಮಾತು ಕೇಳುತ್ತದೆ. ಮಂಡಳಿ ತೀರಿಕೊಂಡು ಕಾಲು ಶತಮಾನ ಕಳೆದರೂ ಅದರ ಹೆಸರಿಗೆ ಸಲ್ಲಬೇಕಾದ ಬೈಗುಳ ಪ್ರತಿ ಬೇಸಿಗೆಯಲ್ಲೂ ತಪ್ಪದೆ ಸಲ್ಲುತ್ತಿದೆ. ಬೈಗುಳ ಕೇಳಿಸಿಕೊಂಡು ಕಂಬ ಹತ್ತುವವನೂ ಹಿಂದಿನವನೇ, ಇಲ್ಲವೇ ಅವನ ಕೈಕೆಳಗೆ ಕಲಿತವನು. ಈಚೆಗೆ ಅವನ ಹುದ್ದೆಯ ಹೆಸರನ್ನೂ ಲೈನ್‌ಮ್ಯಾನ್ ಇದ್ದದ್ದು ಪವರ್‌ಮ್ಯಾನ್ ಎಂದು ಏರಿಸಿದ್ದಾರೆ. ಕಂಬದ ಎತ್ತರ ಮೊದಲಿನಷ್ಟೇ ಇದೆ.

ಆಕ್ಷೇಪ: ಏನೂ ಬದಲಾಗಲೇ ಇಲ್ಲವೆನ್ನುವುದು ಅನ್ಯಾಯವಲ್ಲವೇ? 1999ರ ಸುಧಾರಣೆಯ ಜೊತೆಗೇ ವಿದ್ಯುತ್ ನಿಯಂತ್ರಣ ಆಯೋಗ ಬಂತು. ದರ ಏರಿಸಬೇಕಾದರೆ ಕಂಪನಿಗಳು ಅದರ ಮುಂದೆ ಅರ್ಜಿ ಹಾಕಿ ಲೆಕ್ಕ ಒಪ್ಪಿಸಬೇಕು. ಸಾರ್ವಜನಿಕ ವಿಚಾರಣೆಯಲ್ಲಿ ಗ್ರಾಹಕನೊಬ್ಬ ಎದ್ದು ನಿಂತು ‘ನಿಮ್ಮ ಸೋರಿಕೆಗೆ ನಾನ್ಯಾಕೆ ದುಡ್ಡು ಕೊಡಲಿ’ ಎಂದು ಕೇಳಬಹುದು. ಸಮಾಧಾನ: ಇದು ನಿಜವಾದ ಬದಲಾವಣೆ, ಒಪ್ಪಿದೆ. ಆದರೆ ಇದನ್ನು ಯಾವ ಕಚೇರಿಯ ಫಲಕದ ಮೇಲೂ ಬರೆದಿಲ್ಲವಾದ್ದರಿಂದ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಪ್ರಾಸಂಗಿಕವಾಗಿ ಒಂದು ಟಿಪ್ಪಣಿ. ಕರೆಂಟು ಹೋದರೆ ಕರೆಯಬೇಕಾದ ಸಂಖ್ಯೆ 1912. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದದ್ದೂ 1912ರಲ್ಲಿ. ಇದು ಕಾಕತಾಳೀಯವೆಂದು ಕೆಲವರು ವಾದಿಸಬಹುದು. ಕತ್ತಲಲ್ಲಿ ಕೂತು ಆ ಸಂಖ್ಯೆಯನ್ನು ಒತ್ತಿ ನೋಡಿದವರಿಗೆ, ಕರೆಯನ್ನು ದಿವಾನರೇ ಎತ್ತಿಕೊಳ್ಳಬೇಕೇನೋ ಎಂಬಷ್ಟು ಹೊತ್ತು ಗಂಟೆ ಬಾರಿಸುವುದು ಅನುಭವವೇದ್ಯ.

ಸೂತ್ರ 2: ಒಂದಾಗಿದ್ದರೆ ಒಡೆ, ಒಡೆದಿದ್ದರೆ ಕೂಡಿಸು.

ಬೆಂಗಳೂರು ಮಹಾನಗರ ಪಾಲಿಕೆಗೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಕೂಡಿಸಿ ‘ಬೃಹತ್’ ಎಂಬ ವಿಶೇಷಣ ಅಂಟಿಸಿದರು. ಚಿಕ್ಕ ಚಿಕ್ಕ ಸಂಸ್ಥೆಗಳಿಂದ ಆಡಳಿತ ಸಾಗದು, ಒಂದೇ ಛತ್ರದ ಕೆಳಗೆ ಬರಬೇಕು ಎಂಬುದು ಆಗಿನ ಶ್ರುತಿ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಇಷ್ಟು ದೊಡ್ಡದನ್ನು ಒಂದೇ ಸಂಸ್ಥೆ ನಿಭಾಯಿಸಲಾರದು ಎಂಬುದು ಈಗಿನ ಸ್ಮೃತಿ. ಎರಡೂ ಪ್ರಮಾಣಗಳೇ. ಎರಡು ಪಾಲಿಕೆಗಳ ಗಡಿಯ ಮೇಲೆ ಬಿದ್ದ ರಸ್ತೆಗುಂಡಿ ಯಾರಿಗೆ ಸೇರಿದ್ದು ಎಂಬ ಸೂಕ್ಷ್ಮ ಪ್ರಶ್ನೆಯನ್ನು ಮುಂದಿನ ಮಳೆಗಾಲ ನಿರ್ಣಯಿಸಲಿದೆ.

ಸಾರಿಗೆ ಸಂಸ್ಥೆಯದೂ ಇದೇ ಕಥೆ. 1961ರಲ್ಲಿ ನಿಗಮವಾಗಿ, 1997ರಲ್ಲಿ ಬೆಂಗಳೂರನ್ನೂ ವಾಯವ್ಯವನ್ನೂ 2000ದಲ್ಲಿ ಈಶಾನ್ಯವನ್ನೂ ಬಿಟ್ಟುಕೊಟ್ಟಿತು. ಈಶಾನ್ಯವು 2021ರಲ್ಲಿ ಕಲ್ಯಾಣವಾಯಿತು. ಬೆಂಗಳೂರಿನ ಹಿರಿಯರು ಮಾತ್ರ ಇಂದಿಗೂ ಬಿಟಿಎಸ್ ಬಸ್ಸಿಗೇ ಕಾಯುತ್ತಾರೆ. ಆಶ್ಚರ್ಯವೆಂದರೆ ಅದು ಬರುತ್ತದೆ.

ಕೂಡಿಸುವ ಕ್ರಿಯೆಗೆ ಬ್ಯಾಂಕುಗಳು ಉತ್ತಮ ಉದಾಹರಣೆ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದದ್ದು 2017ರ ಏಪ್ರಿಲ್ 1ರಂದು. ವಿಜಯಾ ಬ್ಯಾಂಕು ಬರೋಡಾ ಸೇರಿದ್ದು 2019ರ ಏಪ್ರಿಲ್ 1. ಉಡುಪಿಯ ಮಕ್ಕಳಾದ ಸಿಂಡಿಕೇಟು ಕೆನರಾದಲ್ಲೂ ಕಾರ್ಪೊರೇಷನ್ನು ಯೂನಿಯನ್ನಿನಲ್ಲೂ ಐಕ್ಯವಾದದ್ದು 2020ರ ಏಪ್ರಿಲ್ 1. ಹಣಕಾಸು ವರ್ಷ ಅಂದು ಶುರುವಾಗುತ್ತದೆ ಎಂಬ ಸಪ್ಪೆ ಕಾರಣವನ್ನು ಬ್ಯಾಂಕಿನವರು ಕೊಡುತ್ತಾರೆ. ಆ ದಿನದ ಇನ್ನೊಂದು ಖ್ಯಾತಿಯನ್ನು ಕುರಿತು ಅವರ ಮೌನ ಅರ್ಥಪೂರ್ಣ. ಒಂದೂರಿನ ಎದುರುಬದುರು ಶಾಖೆಗಳು ಒಂದಾದಾಗ ಇಬ್ಬರು ಮ್ಯಾನೇಜರರಲ್ಲಿ ಯಾರ ಕುರ್ಚಿ ಉಳಿಯುತ್ತದೆಂಬ ಚಿಂತೆಯಲ್ಲಿ ಗ್ರಾಹಕರ ಪಾಸ್‌ಬುಕ್ಕು, ಚೆಕ್ಕು, ಐಎಫ್‌ಎಸ್‌ಸಿ ಕೋಡು ಎಲ್ಲ ಬದಲಾಗಿ, ಪಿಂಚಣಿಯ ಅಜ್ಜಂದಿರು ಕೌಂಟರಿನಿಂದ ಕೌಂಟರಿಗೆ ತೀರ್ಥಯಾತ್ರೆ ಮಾಡಿದರು.

ಇಲ್ಲಿಂದ ಒಂದು ಉಪಸೂತ್ರ ಹೊರಡುತ್ತದೆ: ಗತಿಸಿದ ಸಂಸ್ಥೆಯು ಬಸ್ ಸ್ಟಾಪಾಗಿ ಪುನರ್ಜನ್ಮ ಪಡೆಯುತ್ತದೆ. ಸಂಶಯವಿದ್ದವರು ಬೆಂಗಳೂರಿನ ಯಾವುದೇ ಆಟೋ ಹತ್ತಿ ‘ಮೈಸೂರ್ ಬ್ಯಾಂಕ್ ಸರ್ಕಲ್’ ಅನ್ನಲಿ.

ಸೂತ್ರ 3: ನಾಯಕನೆಂದರೆ ಎರಡು ದಿನಾಂಕಗಳ ನಡುವೆ ಇರುವ ಹೆಸರು.

ಯಾವ ದೊಡ್ಡ ಕಚೇರಿಗೆ ಹೋದರೂ ಮುಖ್ಯಸ್ಥರ ಕೊಠಡಿಯಲ್ಲಿ ಒಂದು ಮರದ ಫಲಕ ತೂಗಿರುತ್ತದೆ. ಕ್ರಮಸಂಖ್ಯೆ, ಹೆಸರು, ‘ಇಂದ’, ‘ವರೆಗೆ’. ನಾಯಕತ್ವವನ್ನು ಕುರಿತು ಲೋಕದಲ್ಲಿ ಬಂದಿರುವ ಸಾವಿರಾರು ಗ್ರಂಥಗಳ ಸಾರ ಈ ನಾಲ್ಕು ಕಾಲಮುಗಳಲ್ಲಿದೆ. ಮೇಲಿನ ಸಾಲುಗಳಲ್ಲಿ ಹೆಸರುಗಳು ದೊಡ್ಡವು, ಅವಧಿಗಳೂ ದೀರ್ಘ. ಕೆಳಗಿಳಿದಂತೆ ಅಕ್ಷರ ಚಿಕ್ಕದಾಗುತ್ತದೆ, ಯಾಕೆಂದರೆ ಜಾಗ ಸಾಲದು. ಕೊನೆಯ ಸಾಲಿನಲ್ಲಿ ‘ಇಂದ’ ತುಂಬಿರುತ್ತದೆ, ‘ವರೆಗೆ’ ಖಾಲಿ. ಸಾಹೇಬರು ಕೂತಿರುವುದು ಆ ಖಾಲಿ ಜಾಗದ ನೇರ ಕೆಳಗೆ. ಅನುಭವಿಯಾದ ಪೇಂಟರು ಅದರ ಕೆಳಗೆ ಇನ್ನೂ ಒಂದಿಷ್ಟು ಗೆರೆ ಎಳೆದಿಟ್ಟಿರುತ್ತಾನೆ. 2013ರಲ್ಲಿ ಸುಪ್ರೀಂ ಕೋರ್ಟು, ಅಧಿಕಾರಿಗಳಿಗೆ ಒಂದು ಕಡೆ ಕನಿಷ್ಠ ಅವಧಿಯಾದರೂ ಇರಬೇಕೆಂದು ನಿರ್ದೇಶಿಸಿತು. ಮರುವರ್ಷ ಕೇಂದ್ರವು ಐಎಎಸ್ ನಿಯಮಗಳಲ್ಲಿ ಎರಡು ವರ್ಷವೆಂದು ಬರೆಯಿತು. ಪೇಂಟರು ಗೆರೆಗಳನ್ನು ಅಳಿಸಿಲ್ಲ.

ಹೊಸ ನಾಯಕರು ಬಂದ ವಾರದಲ್ಲಿ ಮೇಜು ವಾಸ್ತುಪ್ರಕಾರ ತಿರುಗುತ್ತದೆ, ಪರದೆಯ ಬಣ್ಣ ಬದಲಾಗುತ್ತದೆ, ಎಲ್ಲ ಶಾಖೆಗಳಿಂದ ‘ಸಮಗ್ರ ವರದಿ’ ಕೇಳಲಾಗುತ್ತದೆ. ಶಾಖೆಗಳು ಹಿಂದಿನ ಸಾಹೇಬರಿಗೆ ಕೊಟ್ಟ ಸಮಗ್ರ ವರದಿಯ ದಿನಾಂಕ ತಿದ್ದಿ ಕೊಡುತ್ತವೆ. ಗೋಡಂಬಿ, ಬಿಸ್ಕತ್ತುಗಳ ಸಾನ್ನಿಧ್ಯದಲ್ಲಿ ಸಭೆ ಸೇರುತ್ತದೆ. ಅಲ್ಲಿ ನಡೆಯುವ ಸಂವಾದ ಸರಿಸುಮಾರು ಹೀಗೆ:

‘ನೋಡಿ ಸೂಪರಿಂಟೆಂಡೆಂಟ್ರೇ, ಇನ್ಮೇಲೆ ಯಾವ ಫೈಲೂ ಮೂರು ಕೈಗಿಂತ ಹೆಚ್ಚು ದಾಟಬಾರದು.’

‘ಆಗಲಿ ಸಾರ್. ಬಹಳ ಒಳ್ಳೇದಾಯ್ತು. ಒಂದು ಸುತ್ತೋಲೆ ಹೊರಡಿಸಿಬಿಡೋಣ ಸಾರ್.’

‘ಇವತ್ತೇ ಹೊರಡಿಸಿ.’

‘ಆಗಲಿ ಸಾರ್. ಕೇಸ್ ವರ್ಕರ್ ಹತ್ರ ಕರಡು ಹಾಕ್ಸಿ, ಸಿಬ್ಬಂದಿ ಶಾಖೆ, ಲೆಕ್ಕಪತ್ರ ಶಾಖೆ, ಕಾನೂನು ಕೋಶದ ಅಭಿಪ್ರಾಯ ತಗೊಂಡು, ಉಪನಿರ್ದೇಶಕರ ಮೂಲಕ ತಮ್ಮ ಅವಗಾಹನೆಗೆ ಮಂಡಿಸ್ತೀನಿ ಸಾರ್.’

ಬದಲಾವಣೆಗೆ ಎದುರಾಗುವ ಪ್ರತಿರೋಧದ ಬಗ್ಗೆ ಪಾಶ್ಚಾತ್ಯರು ಪುಟಗಟ್ಟಲೆ ಬರೆದಿದ್ದಾರೆ. ಅವರಿಗೆ ತಿಳಿಯದಿದ್ದ ಸಂಗತಿಯೆಂದರೆ, ಪಳಗಿದ ಸಂಸ್ಥೆಯಲ್ಲಿ ಪ್ರತಿರೋಧವು ಒಪ್ಪಿಗೆಯ ರೂಪದಲ್ಲಿಯೇ ಇರುತ್ತದೆ. ‘ಆಗಲಿ ಸಾರ್’ ಎಂಬುದನ್ನು ಮುರಿಯಬಲ್ಲ ನಾಯಕ ಇನ್ನೂ ಹುಟ್ಟಿಲ್ಲ. ಮುರಿಯಲು ಅದರಲ್ಲಿ ಗಟ್ಟಿ ಭಾಗವೇ ಇಲ್ಲ. ಇತ್ತ ನಾಯಕರ ಕೈಯಲ್ಲಿರುವ ಆಯುಧ ಕಡತದ ಅಂಚಿನಲ್ಲಿ ಹಸಿರು ಶಾಯಿಯಿಂದ ಬರೆಯುವ ‘ಚರ್ಚಿಸಿ’ ಎಂಬ ಷರಾ. ಒಪ್ಪಿದೆ ಎಂದರೆ ಹೊಣೆ ಬರುತ್ತದೆ, ತಿರಸ್ಕರಿಸಿದೆ ಎಂದರೆ ಫೋನು ಬರುತ್ತದೆ. ಚರ್ಚಿಸಿ ಎಂದರೆ ವರ್ಗಾವಣೆ ಬರುವವರೆಗೆ ಯಾವುದೂ ಬರುವುದಿಲ್ಲ.

ಈ ಸೂಪರಿಂಟೆಂಡೆಂಟರನ್ನು ಸಲಹೆಗಾರ ಕಂಪನಿಗಳು ತಮ್ಮ ಸ್ಲೈಡುಗಳಲ್ಲಿ ‘ಜಡತ್ವ’ ಎಂದು ನಮೂದಿಸುತ್ತವೆ. ಪ್ರಬಂಧಕಾರ ಇದನ್ನು ಒಪ್ಪುವುದಿಲ್ಲ. ಇಲ್ಲಿ ಅಣಕವನ್ನು ಕೊಂಚ ಬದಿಗಿಟ್ಟು ಹೇಳುತ್ತಿದ್ದಾನೆ. ಆಗಾಗ ಚಾಲಕರು ಬದಲಾಗುತ್ತ, ಬಂದವರೆಲ್ಲ ಬೇರೆ ಊರಿಗೆ ತಿರುಗಿಸಲು ಹೊರಡುವ ಬಸ್ಸಿನಲ್ಲಿ ಸ್ಟೇರಿಂಗು ಸ್ವಲ್ಪ ಬಿಗಿಯಾಗಿರುವುದು ಪ್ರಯಾಣಿಕರ ಪುಣ್ಯ. ಯಾವ ರಾಗಿಮಿಲ್ಲಿನ ಮೀಟರು ಯಾರ ಹೆಸರಿನಲ್ಲಿದೆ, ಯಾವ ಫೀಡರು ಮಳೆ ಬಿದ್ದರೆ ಟ್ರಿಪ್ಪಾಗುತ್ತದೆ, ಹಿಂದಿನ ಮೂರು ಸುಧಾರಣೆಗಳು ಎಲ್ಲಿ ಎಡವಿದವು ಎಂಬುದೆಲ್ಲ ಅವರ ತಲೆಯಲ್ಲಿದೆ. ಹೊಸ ನಾಯಕರು ಸಮಗ್ರ ವರದಿ ಕೇಳುವ ಬದಲು ಒಂದು ಲೋಟ ಕಾಫಿ ತರಿಸಿ ಅವರನ್ನೇ ಕೂರಿಸಿಕೊಂಡು ಕೇಳಿದ್ದರೆ ಈ ಪ್ರಬಂಧದ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ಅವರನ್ನು ಕೂರಿಸಲು ಆ ಕೊಠಡಿಯಲ್ಲಿ ಅವರ ದರ್ಜೆಗೆ ತಕ್ಕ ಕುರ್ಚಿ ಇರುವುದಿಲ್ಲ.

ಖಾಸಗಿ ವಲಯದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಲಿ ನಾಯಕರು ಹೋಗುತ್ತಾರೆ, ಮತ್ತೆ ಬರುತ್ತಾರೆ. ಇನ್ಫೋಸಿಸ್‌ನಲ್ಲಿ ನಾರಾಯಣ ಮೂರ್ತಿಯವರು 2011ರಲ್ಲಿ ಇಳಿದು 2013ರಲ್ಲಿ ಮರಳಿದರು, ನಿಲೇಕಣಿಯವರು 2017ರಲ್ಲಿ ಮರಳಿದರು. ಫಲಕದಲ್ಲಿ ಒಂದೇ ಹೆಸರಿಗೆ ಎರಡು ಸಾಲು ಬೇಕಾಗುವ ಈ ಪ್ರಕರಣವನ್ನು ಪೇಂಟರುಗಳು ಇನ್ನೂ ಅಧ್ಯಯನ ಮಾಡಬೇಕಿದೆ.

ಬಾಧಕ ವಿಚಾರ

ಪ್ರಾಮಾಣಿಕ ಶಾಸ್ತ್ರಕಾರನು ತನ್ನ ಸಿದ್ಧಾಂತಕ್ಕೆ ಬಾಧಕವಾದದ್ದನ್ನು ಮುಚ್ಚಿಡಬಾರದು. ಶೇಷಾದ್ರಿ ಅಯ್ಯರ್ 1883ರಿಂದ 1901ರವರೆಗೆ, ಹದಿನೆಂಟು ವರ್ಷ, ಮೈಸೂರಿನ ದಿವಾನರಾಗಿದ್ದರು. ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ಯಬಹುದೆಂಬ ಯೋಜನೆಯನ್ನು ಕೈಗೆತ್ತಿಕೊಂಡದ್ದು ಅವರ ಕಾಲದಲ್ಲಿ. ಅಂಥದ್ದನ್ನು ನಂಬುವವರು ಆಗ ಕಡಿಮೆ. 1901ರಲ್ಲಿ ಅಯ್ಯರ್ ತೀರಿಕೊಂಡರು. 1902ರಲ್ಲಿ ಗಣಿಗೆ ಕರೆಂಟು ಹರಿಯಿತು. ಉದ್ಘಾಟನೆಯ ಕಲ್ಲಿನಲ್ಲಿ ತನ್ನ ಹೆಸರು ಬರುತ್ತದೋ ಇಲ್ಲವೋ ಎಂಬ ಲೆಕ್ಕಾಚಾರವಿಲ್ಲದೆ ಇಂಥ ಕೆಲಸಕ್ಕೆ ಕೈಹಾಕುವುದು ನಮ್ಮ ಮೂರೂ ಸೂತ್ರಗಳಿಗೆ ವಿರುದ್ಧ. ಆದ್ದರಿಂದ ಇದನ್ನು ಅಪವಾದವೆಂದು ಪರಿಗಣಿಸಿ ಕೈಬಿಡಲಾಗಿದೆ.

ಶಿಫಾರಸು

ಬದಲಾವಣೆಯೆಲ್ಲ ಫಲಕದಲ್ಲೇ ಜರುಗುವುದರಿಂದ, ಫಲಕ ಬರೆಯುವವರನ್ನು ‘ನಿರ್ದೇಶಕರು (ಪರಿವರ್ತನೆ)’ ಎಂಬ ಹುದ್ದೆಗೆ ನೇಮಿಸತಕ್ಕದ್ದು. ಅರ್ಹತೆ: ಕೈಬರಹ ದುಂಡಗಿರಬೇಕು, ಹಳೆಯ ಹೆಸರನ್ನು ಕೆರೆದು ತೆಗೆಯುವಾಗ ಮರಕ್ಕೆ ಗಾಯವಾಗಬಾರದು. ಬಣ್ಣ, ಕುಂಚ, ಏಣಿ ಇಲಾಖೆಯಿಂದ. ಈ ಪ್ರಸ್ತಾವನೆಯನ್ನು ಪ್ರಬಂಧದ ಪ್ರತಿಯೊಡನೆ ಸಲ್ಲಿಸಲಾಗಿ, ಆರ್ಥಿಕ ಇಲಾಖೆಯು ಹುದ್ದೆಯ ಅಗತ್ಯವನ್ನು ತಾತ್ವಿಕವಾಗಿ ಒಪ್ಪಿದೆ. ಪ್ರಸ್ತಾವನೆ ಸಲ್ಲಿಸಿದ ಹೆಸರಿನ ಸಂಸ್ಥೆಯು ಸದರಿ ದಿನಾಂಕದಂದು ಅಸ್ತಿತ್ವದಲ್ಲಿ ಇಲ್ಲದಿರುವುದರಿಂದ, ಹೊಸ ಲೆಟರ್‌ಹೆಡ್ಡಿನಲ್ಲಿ ಮರುಸಲ್ಲಿಸುವಂತೆ ಸೂಚಿಸಿ ಕಡತವನ್ನು ಹಿಂದಿರುಗಿಸಿದೆ.