ಪೆಡಲ್ ಮೀಮಾಂಸೆ: ಏಳು ಮಲೆ, ಒಂದು ಕಾಲು

ಹಾಡು ನಿಲ್ಲಬಾರದು, ಗಿಟಾರಿನ ದನಿ ಮಾತ್ರ ಬದಲಾಗಬೇಕು, ಬದಲಾಯಿಸುವ ಕೆಲಸವನ್ನು ಕಾಲೇ ಮಾಡಬೇಕು. ಈ ಮೂರೂ ಕೂಡಿದರೆ ಅದು ಪೆಡಲ್ ಪಲ್ಲಟ. ಇದರ ಅಂಗಗಳೂ ಮೂರು: ಕಾಲು, ಪೆಟ್ಟಿಗೆ, ಗಳಿಗೆ. ಕಾಲು ಹುಟ್ಟಿನಿಂದ ಬಂದದ್ದು, ಪೆಟ್ಟಿಗೆ ಅಂಗಡಿಯಿಂದ ಬಂದದ್ದು. ಗಳಿಗೆಯನ್ನು ಯಾವ ಅಂಗಡಿಯವನೂ ಮಾರುವುದಿಲ್ಲವಾದ್ದರಿಂದ ಅದರ ಮೇಲೆ ಶಾಸ್ತ್ರ ಬೆಳೆದಿಲ್ಲ. ಈ ಕೊರತೆಯನ್ನು ನೀಗಿಸಲು ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ರಸಮಂಜರಿ ವೇದಿಕೆಗಿಂತ ತಕ್ಕ ಪ್ರಯೋಗಶಾಲೆ ಇನ್ನೊಂದಿಲ್ಲ. ಅಲ್ಲಿ ಒಂದೇ ಗಿಟಾರು ಒಂದೇ ರಾತ್ರಿ ಮಾದಪ್ಪನ ಪದಕ್ಕೂ, ಅಣ್ಣಾವ್ರ ಯುಗಳಗೀತೆಗೂ, ಹುಡುಗರು ಟವೆಲು ಬೀಸಿ ಕುಣಿಯುವ ಹೊಸ ಹಾಡಿಗೂ ದುಡಿಯಬೇಕು. ಯಾವುದರ ಹಿಂದೆ ಯಾವುದು ಬರುತ್ತದೆಂಬುದು ನಿರೂಪಕನಿಗೂ ಗೊತ್ತಿರುವುದಿಲ್ಲ.

ಪೆಡಲಿನ ಚರಿತ್ರೆಯನ್ನು ಅಮೆರಿಕದಿಂದ ತೊಡಗುವುದು ರೂಢಿ. 1962ರಲ್ಲಿ ಮೇಸ್ಟ್ರೋ ಫಜ್-ಟೋನ್ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಅದನ್ನು ಒತ್ತಿದ ಮೇಲೆ ಲೋಕವೆಲ್ಲ ಒತ್ತಲು ಕಲಿಯಿತು. 1967ರ ಹೊತ್ತಿಗೆ ವಾ-ವಾ, 1974ರಲ್ಲಿ ಎಂಎಕ್ಸ್‌ಆರ್ ಕಂಪನಿಯ ಫೇಸ್ 90, 1977ರಲ್ಲಿ ಜಪಾನಿನ ಬಾಸ್ ಕಂಪನಿಯ ಪುಟ್ಟ ಪೆಟ್ಟಿಗೆಗಳು ಬಂದವು. ಈ ವಂಶಾವಳಿಯಲ್ಲಿ ಹಿರಿಯ ಶಾಖೆಯೊಂದು ಬಿಟ್ಟುಹೋಗಿದೆ. ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ಮೇಷ್ಟ್ರು ಇದಕ್ಕೆಲ್ಲ ಎಷ್ಟೋ ಮೊದಲೇ ಕಾಲಿನಲ್ಲಿ ತಿದಿಯೊತ್ತುತ್ತ, ಕೈಯಲ್ಲಿ ಮನೆ ಹಿಡಿಯುತ್ತ, ದುರ್ಯೋಧನ ಮಾತು ಮರೆತದ್ದನ್ನು ಕಣ್ಣಂಚಿನಲ್ಲೇ ಕಂಡು ಕಂದವನ್ನು ಎತ್ತಿಕೊಡುತ್ತಿದ್ದರು. ಅವರು ಕಾಲು ನೋಡಿಕೊಂಡದ್ದನ್ನು ಯಾರೂ ಕಂಡಿಲ್ಲ. ಇದಕ್ಕೆ ಕಾರಣ ಪ್ರತಿಭೆಯೆಂದು ಹೇಳುವುದುಂಟು. ನಿಜವಾದ ಕಾರಣ ಕುರ್ಚಿ. ಕೂತವನಿಗೆ ಎರಡು ಕಾಲು ಬಿಡುವು, ನಿಂತವನಿಗೆ ಒಂದೇ.

ಇದಕ್ಕೆ ಏಕಪಾದ ನ್ಯಾಯವೆಂದು ಹೆಸರಿಡಬಹುದು. ನಿಂತು ನುಡಿಸುವವನ ಎರಡು ಕಾಲುಗಳಲ್ಲಿ ಒಂದು ಯಾವಾಗಲೂ ಭೂಮಿಯ ಸೊತ್ತು. ಉಳಿದ ಒಂದೇ ಕಾಲು ಎಲ್ಲ ಪೆಟ್ಟಿಗೆಗಳಿಗೂ ಜವಾಬು ಹೇಳಬೇಕು. ಆ ಕಾಲು ತಾಳ ಹಾಕುತ್ತಿದ್ದರೆ ಅದೂ ಇಲ್ಲ. ಮೈಸೂರಿನ ರಘು ದೀಕ್ಷಿತ್ ಹಾಡುವಾಗ ಕಾಲಿಗೆ ಗೆಜ್ಜೆ ಕಟ್ಟುವುದನ್ನು ಬಹಳ ಜನ ನೋಡಿದ್ದಾರೆ. ಗೆಜ್ಜೆ ಕಟ್ಟಿದ ಕಾಲು ಪೆಡಲ್ ಒತ್ತಲು ಒಂದು ಮಾತ್ರೆ ತಪ್ಪಿದರೂ ಊರಿಗೆಲ್ಲ ಕೇಳಿಸುತ್ತದೆ. ಗೆಜ್ಜೆಯಿಲ್ಲದ ಗಿಟಾರಿಗರ ಪುಣ್ಯಕ್ಕೆ ಅವರ ತಪ್ಪು ಮೌನವಾಗಿ ನಡೆಯುತ್ತದೆ.

ಪೆಡಲುಗಳನ್ನು ವರ್ಗೀಕರಿಸುವಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಮಾದಪ್ಪನ ಬೆಟ್ಟದ ಸುತ್ತಿನಲ್ಲಿ ಮಾತ್ರ ವರ್ಗೀಕರಣ ಸಿದ್ಧವಾಗಿಯೇ ಇದೆ. ಮಾದಪ್ಪನ ಏಳು ಮಲೆ ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಎಂದು. ಆನೆಮಲೆ ಡಿಸ್ಟಾರ್ಷನ್ನು; ಅದು ಬಂದರೆ ಕೀಬೋರ್ಡಿನವನು ದಾರಿ ಬಿಡಬೇಕಾಗುತ್ತದೆ. ಪಚ್ಚೆಮಲೆ ಓವರ್‌ಡ್ರೈವ್, ಐಬಾನೆಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಹಸಿರು ಬಣ್ಣದ್ದಾಗಿರುವುದರಿಂದ ಇಲ್ಲಿ ವಿವಾದವೇ ಇಲ್ಲ. ಪವಳಮಲೆ ಕಿತ್ತಳೆಗೆಂಪಿನ ಫೇಸ್ 90. ಕಾನುಮಲೆ ರಿವರ್ಬ್, ಒಳಹೊಕ್ಕವನಿಗೆ ದಿಕ್ಕು ಸಿಗುವುದಿಲ್ಲ. ಕೊಂಗುಮಲೆ ಡಿಲೇ; ದನಿ ತಮಿಳುನಾಡಿನ ಗಡಿ ಮುಟ್ಟಿ ಮರಳುತ್ತದೆ. ಪೊನ್ನಾಚಿಮಲೆ ಹೊನ್ನಿನ ಬಣ್ಣದ ಕ್ಲಾನ್ ಸೆಂಟಾರ್. 1994ರಿಂದ ಕೈಯಲ್ಲಿ ತಯಾರಾದ ಈ ಪೆಟ್ಟಿಗೆಗೆ ಈಗ ಹಳೆಯ ಮಾಲಿನ ಪೇಟೆಯಲ್ಲಿ ಲಕ್ಷಗಳ ಬೆಲೆ ಇರುವುದರಿಂದ ಅದನ್ನು ದೂರದಿಂದ ಕೈಮುಗಿಯುವುದೇ ವಿಧಿ. ಜೇನುಮಲೆಯ ವಿಷಯದಲ್ಲಿ ಮಾತ್ರ ಎರಡು ಪಂಥಗಳಿವೆ. ಸಿಹಿಯನ್ನು ನೆನೆದವರು ಅದನ್ನು ಕೋರಸ್ ಎನ್ನುತ್ತಾರೆ, ಕಚ್ಚಿಸಿಕೊಂಡವರು ಫಜ್ ಎನ್ನುತ್ತಾರೆ. ಟ್ಯೂನರ್ ಪೆಡಲು ಮಲೆಗಳ ಲೆಕ್ಕಕ್ಕೆ ಸೇರದು. ನಡೆದು ಬರುವ ಪರುಷೆ ಮಲೆ ಹತ್ತುವ ಮೊದಲು ತಾಳಬೆಟ್ಟದಲ್ಲಿ ಪೂಜೆ ಸಲ್ಲಿಸುವಂತೆ ಟ್ಯೂನರಿಗೂ ಆರಂಭದಲ್ಲೊಮ್ಮೆ ತಲೆಬಾಗಿ ಮುಂದೆ ಹೋಗುವುದು. ಎಪ್ಪತ್ತೇಳು ಮಲೆ ಎಂಬ ಮಾತನ್ನೇ ಪ್ರಮಾಣವಾಗಿ ಹಿಡಿದು ಪೆಡಲ್ ಕೊಳ್ಳುವವರೂ ಉಂಟು. ಅವರ ಮನೆಯವರ ಅಭಿಪ್ರಾಯ ಶಾಸ್ತ್ರದಲ್ಲಿ ದಾಖಲಾಗಿಲ್ಲ.

ಇಲ್ಲೊಂದು ಪೂರ್ವಪಕ್ಷ ಏಳುತ್ತದೆ: ಮಲೆಯ ಹೆಸರು ಹೊತ್ತದ್ದನ್ನು ಕಾಲಿನಿಂದ ತುಳಿಯಬಹುದೇ? ತುಳಿಯಬಹುದು. ಮಾದಪ್ಪನ ಮಲೆಯನ್ನು ಯಾರೂ ತಲೆಯಿಂದ ಹತ್ತಿದ್ದಿಲ್ಲ. ಕಾಲ್ನಡಿಗೆಯೇ ಅಲ್ಲಿ ಸೇವೆ.

ಪೆಟ್ಟಿಗೆಗಳ ಸಾಲಿಗೆ ಒಂದು ಕ್ರಮವಿದೆ, ಅದು ಬೇಕಾಬಿಟ್ಟಿಯಲ್ಲ. ಗಿಟಾರಿನಿಂದ ಹೊರಟ ಸದ್ದು ಮೊದಲು ವಾ, ಆಮೇಲೆ ಓವರ್‌ಡ್ರೈವ್ ಮತ್ತು ಡಿಸ್ಟಾರ್ಷನ್, ಆಮೇಲೆ ಕೋರಸ್ ಅಥವಾ ಫೇಸರ್, ಕೊನೆಗೆ ಡಿಲೇ, ರಿವರ್ಬ್ ದಾಟಿ ಆಂಪ್ಲಿಫೈಯರಿಗೆ ಸೇರುವುದು ಸಾಮಾನ್ಯ ವಿಧಿ. ಡಿಲೇ ಮುಂದಿದ್ದು ಡಿಸ್ಟಾರ್ಷನ್ ಹಿಂದೆ ಬಂದರೆ ಪ್ರತಿಧ್ವನಿಗಳೆಲ್ಲ ಒಟ್ಟಿಗೆ ಅರೆದುಹೋಗಿ ಕಲಸುಮೇಲೋಗರವಾಗುತ್ತದೆ. ಆದರೆ ಸದ್ದಿಗೆ ಒಪ್ಪುವ ಕ್ರಮ ಕಾಲಿಗೆ ಒಪ್ಪುವುದಿಲ್ಲ. ಹಾಡಿನ ನಡುವೆ ಒಟ್ಟಿಗೆ ಬದಲಾಗಬೇಕಾದ ಡಿಸ್ಟಾರ್ಷನ್ನೂ ಡಿಲೇಯೂ ಪೆಟ್ಟಿಗೆಗಳ ಹಲಗೆಯ ಎರಡು ಕೊನೆಗಳಲ್ಲಿ ಇರುತ್ತವೆ.

ಪಲ್ಲಟದ ನಿಜವಾದ ಕಷ್ಟ ಇಲ್ಲಿಂದ ಶುರುವಾಗುವುದರಿಂದ ಸ್ವಲ್ಪ ವಿಸ್ತಾರವಾಗಿ ನೋಡಬೇಕು. ‘ಸೋಜುಗಾದ ಸೂಜುಮಲ್ಲಿಗೆ’ ಮಾದಪ್ಪನ ಮೇಲಿನ ಹಳೆಯ ಪದ. 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಬಂದ ಮೇಲೆ ಅದನ್ನು ಕೇಳದ ವೇದಿಕೆಯಿಲ್ಲ. ಗಿಟಾರಿಗ ಅದರ ಮೊದಲ ಭಾಗವನ್ನು ಕೋರಸ್, ಡಿಲೇ ಎರಡನ್ನೂ ಹಾಕಿಕೊಂಡು ಮೆಲ್ಲಗೆ ಬಿಡಿಸಿ ನುಡಿಸುತ್ತಾನೆಂದೂ, ಎಲ್ಲರೂ ಕೂಡಿ ಎತ್ತುವ ಜಾಗಕ್ಕೆ ಡಿಸ್ಟಾರ್ಷನ್ ಮತ್ತು ದನಿ ಏರಿಸುವ ಬೂಸ್ಟರ್ ಬೇಕೆಂದೂ ಇಟ್ಟುಕೊಳ್ಳೋಣ. ಎರಡು ಆರಬೇಕು, ಎರಡು ಹೊತ್ತಬೇಕು. ಒಟ್ಟು ನಾಲ್ಕು ತುಳಿತ. ವೇಗ ನಿಮಿಷಕ್ಕೆ 120 ಬೀಟ್ ಆದರೆ ಒಂದೊಂದು ಬೀಟಿಗೆ ಅರ್ಧ ಸೆಕೆಂಡು. ಪಳಗಿದ ಕಾಲು ತುಳಿತಕ್ಕೊಂದು ಬೀಟಿನಂತೆ ಚಲಿಸಿದರೂ ನಾಲ್ಕು ತುಳಿತಕ್ಕೆ ಎರಡು ಸೆಕೆಂಡು, ಎಂದರೆ ನಾಲ್ಕು ಬೀಟಿನ ಒಂದು ಪೂರ್ತಿ ಆವರ್ತ. ಹಾಡು ಎತ್ತಿದ ಮೇಲೆ ತುಳಿಯಲು ತೊಡಗಿದವನು ಅದು ಇಳಿಯುವಾಗ ಮುಗಿಸುತ್ತಾನೆ. ಎತ್ತುವ ಮೊದಲೇ ತೊಡಗಿದರೆ ಕೋರಸ್ ಸತ್ತು ಡಿಸ್ಟಾರ್ಷನ್ ಹುಟ್ಟದ ಒಂದು ಅಂತರಾಳ ಬರುತ್ತದೆ. ಆ ಹೊತ್ತಿನ ಗಿಟಾರು ಅದರ ನಿಜವಾದ ದನಿಯಲ್ಲೇ ನುಡಿಯುವುದರಿಂದ ಅದನ್ನು ಎಲ್ಲರೂ ತಪ್ಪೆಂದು ತಿಳಿಯುತ್ತಾರೆ.

ಪರಿಹಾರವಾಗಿ ಅನುಭವಿಗಳು ಜೋಡಿ ತುಳಿತವನ್ನು ಕಂಡುಕೊಂಡಿದ್ದಾರೆ. ಎರಡು ಗುಂಡಿಗಳು ಅಕ್ಕಪಕ್ಕ ಬರುವಂತೆ ಪೆಟ್ಟಿಗೆಗಳನ್ನು ಜೋಡಿಸಿ, ಪಾದದ ಮುಂಭಾಗವನ್ನು ಅಡ್ಡ ಇಟ್ಟು ಎರಡನ್ನೂ ಒಂದೇ ಏಟಿಗೆ ಒತ್ತುವುದು. ಒಂದು ಕಚ್ಚಿ ಇನ್ನೊಂದು ಕಚ್ಚದಿದ್ದರೆ ಏನಾಗುತ್ತದೆಂಬುದನ್ನು ಅಡಿಟಿಪ್ಪಣಿಯಲ್ಲಿ ಹೇಳಬಹುದಿತ್ತು, ಆದರೆ ಅದು ಸಾಮಾನ್ಯವಾಗಿ ಸೊಲೋ ನಡುವೆಯೇ ಆಗುತ್ತದೆ. ಡಿಲೇಯ ಅವಧಿಯನ್ನು ಹಾಡಿನ ವೇಗಕ್ಕೆ ಕೂಡಿಸಲು ಗುಂಡಿಯನ್ನು ತಾಳಕ್ಕೆ ಕನಿಷ್ಠ ಎರಡು ಸಲ ತಟ್ಟಬೇಕಾಗುವುದು ಇನ್ನೊಂದು ಹೊರೆ. ಜನ ಸಿಳ್ಳೆ ಹೊಡೆದೊಡನೆ ರಿದಮ್ ಪ್ಯಾಡಿನವನು ವೇಗ ಏರಿಸುತ್ತಾನೆ. ಆಗ ತಟ್ಟಿದ್ದೆಲ್ಲ ವ್ಯರ್ಥ.

ಈ ಜಟಿಲತೆಯ ಎದುರು ಕಂಸಾಳೆಯವರನ್ನು ನಿಲ್ಲಿಸಿ ನೋಡುವುದು ಶಾಸ್ತ್ರಕ್ಕೆ ಮುಜುಗರ, ಆದರೂ ಅನಿವಾರ್ಯ. ಮಾದಪ್ಪನ ದೀಕ್ಷೆ ಪಡೆದ ದೇವರಗುಡ್ಡನ ಎಡಗೈಯಲ್ಲಿ ಕಂಚಿನ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಅಂಚಿಗೆ ಅಂಚು ತಾಗಿದರೆ ಒಂದು ದನಿ, ಬಾಯಿ ಮುಚ್ಚುವಂತೆ ಕೂಡಿದರೆ ಇನ್ನೊಂದು, ಬಿಟ್ಟು ಮಿಡಿದರೆ ಮತ್ತೊಂದು. ಬೀಸು ಕಂಸಾಳೆಯಲ್ಲಿ ಆ ತಾಳ ತಲೆಯ ಮೇಲೆ, ಬೆನ್ನ ಹಿಂದೆ, ಮಂಡಿಯ ಕೆಳಗೆ ಸುತ್ತಿ ಬಂದು ಪಕ್ಕದವನ ತಾಳಕ್ಕೂ ಬಡಿದು ಮನೆಗೆ ಮರಳುತ್ತದೆ. ಇಷ್ಟಾಗುವಾಗ ಬಾಯಿ ಕತೆ ಹೇಳುತ್ತಲೇ ಇರುತ್ತದೆ. ಶ್ರವಣದೊರೆಯ ಸಾಲಿನಿಂದ ಸಂಕಮ್ಮನ ಸಾಲಿಗೆ ಹೊರಳುವಾಗ ಅವನು ಬಗ್ಗಿ ಯಾವ ಪೆಟ್ಟಿಗೆಯ ದೀಪವನ್ನೂ ಪರೀಕ್ಷಿಸುವುದಿಲ್ಲ. ಕಂಸಾಳೆ ಮಹದೇವಯ್ಯನವರಂಥ ಹೆಸರಾಂತ ಕಲಾವಿದರು ಇಡೀ ಪರಂಪರೆಯನ್ನು ರಾಜ್ಯದ ಆಚೆಗೂ ಕೊಂಡೊಯ್ದದ್ದು ಬ್ಯಾಟರಿಯಿಲ್ಲದೆ. ಇದರಿಂದ ಹೊರಡುವ ಸಿದ್ಧಾಂತ ಇಷ್ಟು: ದನಿಯನ್ನು ಬದಲಿಸುವ ಕೆಲಸ ತಾಳದ ಒಳಗೇ ನಡೆಯಬೇಕು. ಕಂಸಾಳೆಯಲ್ಲಿ ಬದಲಾವಣೆಯೇ ಒಂದು ಏಟು. ಪೆಡಲಿನಲ್ಲಿ ಅದು ಏಟುಗಳ ನಡುವೆ ಕದ್ದ ಬಿಡುವು, ಕದ್ದದ್ದು ಮುಖದಲ್ಲಿ ಗೊತ್ತಾಗುತ್ತದೆ. ಇಂಗ್ಲೆಂಡಿನಲ್ಲಿ 1990ರ ಸುಮಾರಿಗೆ ಹೀಗೆ ಪೆಡಲಿನತ್ತ ತಲೆ ತಗ್ಗಿಸಿ ನುಡಿಸುವವರದ್ದೇ ಶೂಗೇಜ್ ಎಂಬ ಸಂಗೀತ ಪ್ರಕಾರವಾಯಿತು. ಹನೂರಿನ ಕಡೆ ಅದೇ ಭಂಗಿಯನ್ನು ಕಂಡವರು ಕಾಸು ಬಿತ್ತೇನೋ ಎಂದು ಟಾರ್ಚು ಬಿಡುತ್ತಾರೆ.

ನಾಲ್ಕು ತುಳಿತವನ್ನು ಒಂದಕ್ಕೆ ಇಳಿಸುವ ಯಂತ್ರವೂ ಇದೆ. ಲೂಪ್ ಸ್ವಿಚರ್ ಎಂಬ ಪೆಟ್ಟಿಗೆಗೆ ಒಂದೊಂದು ಪೆಡಲನ್ನೂ ಹೋಗುವ ತಂತಿ, ಬರುವ ತಂತಿಗಳಿಂದ ಬೇರೆ ಬೇರೆ ಕೂಡಿಸಲಾಗುತ್ತದೆ. ಯಾವ ಯಾವುದು ಒಟ್ಟಿಗೆ ಇರಬೇಕೆಂದು ಮೊದಲೇ ಬರೆದಿಟ್ಟರೆ ಒಂದು ಗುಂಡಿಗೆ ಇಡೀ ಸಾಲು ಬದಲಾಗುತ್ತದೆ. ಅಮೆರಿಕದ ಬಾಬ್ ಬ್ರ್ಯಾಡ್‌ಶಾ 1980ರ ದಶಕದಲ್ಲಿ ದೊಡ್ಡ ಗಿಟಾರಿಗರಿಗೆ ಇಂಥವನ್ನು ಕಟ್ಟಿಕೊಟ್ಟು ಹೆಸರಾದರು. 1983ರಲ್ಲಿ ಬಂದ ಮಿಡಿ ಪದ್ಧತಿಯಿಂದ 128 ಜೋಡಣೆಗಳನ್ನು ದೂರದಿಂದಲೇ ಕರೆಯುವುದೂ ಸಾಧ್ಯವಾಯಿತು. ಕೆಲವು ಕಂಪನಿಗಳು ಈ ಎಣಿಕೆಯನ್ನು ಸೊನ್ನೆಯಿಂದ, ಕೆಲವು ಒಂದರಿಂದ ತೊಡಗುವುದರಿಂದ ಎರಡು ಕಂಪನಿಗಳ ಪೆಟ್ಟಿಗೆ ಕೂಡಿಸಿದವನಿಗೆ ಸದಾ ಪಕ್ಕದ ಮನೆಯ ದನಿ ಬರುವುದು ಶಾಸ್ತ್ರಸಮ್ಮತ. ದೊಡ್ಡ ಪ್ರವಾಸಗಳಲ್ಲಿ ತಂತ್ರಜ್ಞನೊಬ್ಬ ಪರದೆಯ ಹಿಂದೆ ಕೂತು ಗಿಟಾರಿಗನ ಪರವಾಗಿ ತುಳಿಯುವ ಪದ್ಧತಿಯೂ ಇದೆ. ಕುರ್ಚಿಯ ಮಹಿಮೆ ಅಲ್ಲಿಗೂ ಹಬ್ಬಿದೆಯೆಂದಾಯಿತು.

ರಸಮಂಜರಿಯಲ್ಲಿ ಇವೆಲ್ಲದರ ಬದಲು ಪ್ರೊಸೆಸರ್ ಇರುತ್ತದೆ. 1990ರ ದಶಕದಲ್ಲಿ ಜೂಮ್ 505ರಂಥ ಅಗ್ಗದ ಪೆಟ್ಟಿಗೆಗಳು ಬಂದದ್ದೇ ತಡ, ಏಳೂ ಮಲೆ ಒಂದೇ ಡಬ್ಬಿಯೊಳಗೆ ಸೇರಿದವು. ಅದರಲ್ಲಿ ದನಿಗಳನ್ನು ಪ್ಯಾಚುಗಳಾಗಿ, ಪ್ಯಾಚುಗಳನ್ನು ಬ್ಯಾಂಕುಗಳಾಗಿ ಜೋಡಿಸಲಾಗುತ್ತದೆ. ಗಿಟಾರಿಗ ಮಧ್ಯಾಹ್ನವೆಲ್ಲ ಕೂತು ಹಾಡಿನ ಪಟ್ಟಿಯ ಅನುಕ್ರಮಕ್ಕೆ ಬ್ಯಾಂಕು ತುಂಬುತ್ತಾನೆ. ಅಷ್ಟರಲ್ಲಿ ಸಭಿಕರ ಚೀಟಿ ಬರುತ್ತದೆ, ಅದರೊಳಗೆ ನೋಟೂ ಇರುತ್ತದೆ. ಗಾಯಕ ನೋಟನ್ನು ಮಡಚಿಕೊಂಡು ಚೀಟಿಯನ್ನು ಓದುತ್ತಾನೆ. ಹಿಂದಿನಿಂದ ಒನ್ಸ್ ಮೋರ್ ಕೂಗು ಬೇರೆ. ಎರಡನೆಯ ಬ್ಯಾಂಕಿನಲ್ಲಿದ್ದವನು ಹದಿನೇಳಕ್ಕೆ ಹೋಗಬೇಕಾದರೆ ಮೇಲಿನ ಗುಂಡಿಯನ್ನು ಹದಿನೈದು ಸಲ ಒತ್ತಬೇಕು. ಗಾಯಕನ ‘ಎಲ್ಲರಿಗೂ ನಮಸ್ಕಾರ’ದ ಉದ್ದ ಅಷ್ಟಿರುವುದಿಲ್ಲ. ಪಟ್ಟಿಗೆ ತಕ್ಕಂತೆ ಬ್ಯಾಂಕು ಜೋಡಿಸುವುದಕ್ಕಿಂತ ದನಿಗೆ ತಕ್ಕಂತೆ ಜೋಡಿಸುವುದು ಲೇಸು: ಸ್ವಚ್ಛ, ಒರಟು, ಸೊಲೋ, ಭಕ್ತಿ ಎಂದು ನಾಲ್ಕೇ ಪ್ಯಾಚು ಒಂದೇ ಬ್ಯಾಂಕಿನಲ್ಲಿ ಇದ್ದರೆ ಜಗತ್ತಿನ ಯಾವ ಚೀಟಿಗೂ ಉತ್ತರ ಸಿಗುತ್ತದೆ. ಈ ಸರಳ ಸತ್ಯವನ್ನು ಪ್ರೊಸೆಸರ್ ಕೊಂಡ ಮೊದಲ ವರ್ಷ ಯಾರೂ ನಂಬುವುದಿಲ್ಲ. ನೂರು ಪ್ಯಾಚಿಗೆ ಕೊಟ್ಟ ದುಡ್ಡು ಅವರ ಕಣ್ಣಿಗೆ ಕಟ್ಟಿರುತ್ತದೆ.

ಪಾದರಕ್ಷೆಯ ವಿಚಾರ ಚಿಕ್ಕದು, ಆದರೆ ಪ್ರಾಣಕ್ಕೆ ಸಂಬಂಧಿಸಿದ್ದು. ಬೂಟಿನ ಅಗಲ ಎರಡು ಗುಂಡಿಗಳನ್ನು ಬೇಡದಿದ್ದರೂ ಒಟ್ಟಿಗೆ ಒತ್ತುತ್ತದೆ. ದೇವರ ಮುಂದಿನ ವೇದಿಕೆಯಲ್ಲಿ ಚಪ್ಪಲಿ ಬಿಡುವುದು ರೂಢಿಯಾದ್ದರಿಂದ ಹೆಬ್ಬೆರಳಿನ ನಿಖರತೆ ಸಿಗುತ್ತದೆ, ಜೊತೆಗೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಲೋಹದ ಪೆಟ್ಟಿಗೆಯಿಂದ ಜುಮ್ಮೆನ್ನುವ ಸುಖವೂ ಸಿಗುತ್ತದೆ. ಇಬ್ಬನಿ ಬಿದ್ದ ಹಲಗೆ, ಜನರೇಟರಿನ ಕರೆಂಟು, ಬರಿಗಾಲು ಮೂರೂ ಕೂಡಿದ ರಾತ್ರಿ ಮೈಕ್‌ಸೆಟ್ಟಿನವನನ್ನು ಕರೆದು ಅರ್ಥ್ ಕಡ್ಡಿಯ ಬುಡ ನೋಡಿಸುವುದು ಶಾಸ್ತ್ರಕ್ಕಿಂತ ಮೊದಲಿನ ಕರ್ತವ್ಯ. ಪೂಜೆಯ ಕುಂಕುಮವನ್ನು ಪೆಟ್ಟಿಗೆಯ ಬದಿಗೆ ಹಚ್ಚಬೇಕು. ನಾಬಿನ ಸಂದಿಗೆ ಇಳಿದರೆ ಮುಂದಿನ ಆಯುಧಪೂಜೆಯವರೆಗೂ ಕರಕರ ಸದ್ದು ತಪ್ಪದು.

ಸದ್ದಿನ ದೋಷಗಳಲ್ಲಿ ಮುಖ್ಯವಾದವು ಮೂರು. ಗುಂಡಿ ಒತ್ತಿದೊಡನೆ ‘ಟಪ್’ ಎನ್ನುವುದು ಪೆಟ್ಟಿಗೆಯೊಳಗಿನ ಕೆಪಾಸಿಟರಿನಲ್ಲಿ ನಿಂತ ವಿದ್ಯುತ್ತಿನಿಂದ. ಕಾರ್ಯಕ್ರಮಕ್ಕೆ ಮೊದಲು ಆಂಪ್ ಮುಚ್ಚಿ ನಾಲ್ಕಾರು ಸಲ ಒತ್ತಿ ಬಿಟ್ಟರೆ ಬಹುಪಾಲು ಶಾಂತವಾಗುತ್ತದೆ. ದನಿ ಮಂಕಾಗುವುದು ತಂತಿಯ ಉದ್ದದಿಂದ. ಗಿಟಾರ್ ತಂತಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಸೇರಿಸುತ್ತ ಮೇಲಿನ ಸ್ವರಗಳ ಹೊಳಪನ್ನು ತಿನ್ನುತ್ತದೆ, ಸಾಲಿನ ಮೊದಲಲ್ಲಿ ಬಫರ್ ಇಟ್ಟರೆ ತಡೆಯಬಹುದು. ಗುಂಯ್ ಎನ್ನುವುದು 50 ಹರ್ಟ್ಸಿನ ಕರೆಂಟಿನ ಕೊಡುಗೆ. ಒಂದೇ 9 ವೋಲ್ಟಿನ ಅಡಾಪ್ಟರಿಗೆ ಏಳು ಪೆಡಲು ಸರಪಳಿಯಾಗಿ ಕಟ್ಟಿದಾಗ ಅದು ಹೆಚ್ಚುತ್ತದೆ. ಡಿಜಿಟಲ್ ಡಿಲೇಗೆ ಬೇರೆಯದೇ ಕೊಡುವುದು ಮೇಲು.

ಕಾರ್ಯಕ್ರಮ ಮುಗಿದ ಮೇಲೆ ಇಳಿಯುವ ಕ್ರಮ ಹತ್ತುವ ಕ್ರಮದ ತಿರುವು. ಮೊದಲು ಆಂಪಿನ ದನಿ ಇಳಿಸಬೇಕು, ಆಮೇಲೆ ಪೆಡಲುಗಳ ಕರೆಂಟು, ಕೊನೆಗೆ ಗಿಟಾರಿನ ತಂತಿ. ಇದನ್ನು ತಲೆಕೆಳಗು ಮಾಡಿದವನು ಶಾಮಿಯಾನದ ಕೆಳಗೆ ಮಲಗಿದ್ದ ಮಕ್ಕಳನ್ನೆಲ್ಲ ಎಬ್ಬಿಸುತ್ತಾನೆ. ಪ್ಯಾಚ್ ತಂತಿಗಳನ್ನು ಎಣಿಸಿಕೊಂಡು ಚೀಲಕ್ಕೆ ಹಾಕಬೇಕು. ಒಂದು ಕಡಿಮೆ ಬಿದ್ದರೆ ಅದು ಅತಿ ಗಿಡ್ಡದ್ದೇ ಆಗಿರುತ್ತದೆ, ಮತ್ತು ಕೀಬೋರ್ಡಿನವನ ಚೀಲದಲ್ಲಿ ಇರುತ್ತದೆ.