ಸುಡೋ ಸಾವ್ಕಾರ್ರು

ತೇರದಾಳದ ಪ್ರಭುಸ್ವಾಮಿ ಗುಡಿಯ ಹತ್ತಿರ ಸಂಜೆ ಹರಟೆಗೆ ಕೂಡುವವರಿಗೆಲ್ಲ ಅವರು ಗೊತ್ತು. ಕಂಪನಿ ಬೆಂಗಳೂರಿನದು, ಸರ್ವರ್ ಮುಂಬೈಯಲ್ಲಿ. ಸಾವ್ಕಾರ್ರು ಮಾತ್ರ ಕೊರೊನಾ ಕಾಲಕ್ಕೆ ಊರಿಗೆ ಬಂದವರು ಮಾಳಿಗೆಯ ಖೋಲಿಯಲ್ಲೇ ಠಿಕಾಣಿ ಹೂಡಿದ್ದಾರೆ. ಮೀಟಿಂಗಿನಲ್ಲಿ ಇವರು ಬಾಯಿ ತೆರೆಯುವ ಮೊದಲೇ ಓಣಿಯ ಮಗ್ಗಗಳು ಮಾತಾಡುತ್ತವೆ.

ಅನುಮಾನವೇ ಅವರ ವೃತ್ತಿಧರ್ಮ. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಂಚು ಹಾಕಿ ಪಾಸ್‌ವರ್ಡ್ ಕದ್ದದ್ದು, ಟಾಟು ಯುಲೊನೆನ್ ಅದಕ್ಕೆ ಮದ್ದಾಗಿ ಎಸ್‌ಎಸ್‌ಎಚ್ ಬರೆದದ್ದು, ಈ ಪುರಾಣ ಕಟ್ಟೆಗೆಲ್ಲ ಬಾಯಿಪಾಠ. "ಅಂಥಾ ಥಂಡ್ಯಾಗೂ ಕಳವು ಮಾಡ್ಯಾರಂದ್ರ ಮೆಚ್ಚಬೇಕ ಬಿಡ್ರಿ" ಎಂದು ಹಿರಿಯರೊಬ್ಬರು ಪ್ರತಿ ಸಲವೂ ಕಳ್ಳರ ಪಕ್ಷ ವಹಿಸುತ್ತಾರೆ.

ರೂಟ್ ಎಂದರೆ ಸರ್ವರಿನ ಸರ್ವಾಧಿಕಾರಿ. ಆ ಹೆಸರಿನಲ್ಲಿ ಹೊರಗಿನಿಂದ ಯಾರೂ ಒಳಬರದಂತೆ ಸಾವ್ಕಾರ್ರೇ ಅಗಳಿ ಜಡಿದಿದ್ದಾರೆ.

"ಅಲ್ಲೋ ತಮ್ಮಾ, ಮಾಲಕ ನೀನ. ನಿನ್ನ ಬಾಗಲಾ ನಿನಗ ಬಂದ್ ಮಾಡ್ಕೊಂಡಿ?" ಎಂದರು ಸೋದರಮಾವ.

"ಹಂಗಲ್ರಿ ಮಾಮಾ. ನಾನೂ ಸಾದಾ ಮನಷ್ಯಾನಂಗ ಒಳಗ ಹೋಗ್ತೀನಿ. ಪಾಸ್‌ವರ್ಡ್ ನಡ್ಯೂದಿಲ್ಲ, ಜೋಡಿ ಕೀ ಇರ್ತಾವ. ಒಂದು ಸರ್ವರ್‌ದಾಗ, ಇನ್ನೊಂದು ನನ್ನ ಲ್ಯಾಪ್‌ಟಾಪ್ ಬಿಟ್ಟು ಹೊರಗ ಹೋಗೂದಿಲ್ಲ. ದೊಡ್ಡ ಕೆಲಸ ಬಂತಂದ್ರ ಅಷ್ಟಕ್ಕ ಸುಡೋ ಅಂತ ಹೊಡದು ಅಧಿಕಾರ ತಗೋತೀನಿ. ಯಾರು, ಯಾವಾಗ, ಏನು ಹೊಡದ್ರು, ಎಲ್ಲಾ ದಾಖಲಾಗ್ತೈತಿ."

ಮಾವ ಎಲೆಯಡಿಕೆ ಒಂದು ಕಡೆ ಸರಿಸಿ, "ನಮ್ಮ ಸೊಸೈಟಿಗೂ ಇದನ್ನ ಕೂಡಸಪಾ" ಎಂದರು. ಸೆಕ್ರೆಟರಿ ಅಂದಿನಿಂದ ಸಾವ್ಕಾರ್ರೊಡನೆ ಮಾತು ಬಿಟ್ಟಿದ್ದಾರೆ.

ಸೆಟ್ಟಿಂಗ್ ಬದಲಿಸುವ ರಾತ್ರಿಯಂತೂ ಮನೆಯಲ್ಲಿ ಮಡಿ. ಬರೆದದ್ದರಲ್ಲಿ ತಪ್ಪಿಲ್ಲವೆಂದು ಎಸ್‌ಎಸ್‌ಎಚ್‌ಡಿ ಮೈನಸ್ ಟಿ ಒಪ್ಪಬೇಕು. ಆಮೇಲೆ ಹಳೆಯ ಸೆಷನ್ ಮುಚ್ಚದೆ, ಮತ್ತೊಂದು ಕಡೆಯಿಂದ ಹೊಸದಾಗಿ ಒಳಹೊಕ್ಕು ನೋಡಬೇಕು. ಇಲ್ಲದಿದ್ದರೆ ಮುಂಬೈ ಒಳಗೆ, ತೇರದಾಳ ಹೊರಗೆ. ಕರೆಂಟ್ ಹೋದರೂ ಕೆಲಸ ಸಾಗಲೆಂದು ಎಲ್ಲವೂ ಟಿಮಕ್ಸ್‌ನಲ್ಲಿ. ಅಷ್ಟರಲ್ಲಿ ರೊಟ್ಟಿ ಆರಿರುತ್ತದೆ, ಅವ್ವ ಕಾದಿರುತ್ತಾಳೆ. ಕೀಗೆ ಹಾಕಿದ ಪಾಸ್‌ಫ್ರೇಸ್ ಹೆಂಡತಿಗೂ ಗೊತ್ತಿಲ್ಲ. ಕೇಳಿದ್ದಕ್ಕೆ, "ನಿನ್ನ ಪಬ್ಲಿಕ್ ಕೀ ಕಳಸು, ವಿಚಾರ ಮಾಡೂಣು" ಎಂಬ ಉತ್ತರ ಬಂದಿತ್ತಂತೆ. ಆಕೆ ತವರಿಗೆ ಹೋಗಿ ಬಂದಳು, ಕೀ ಕಳಿಸಲಿಲ್ಲ.

ಇಂಥವರು ಪೇಟೆಯಲ್ಲಿ ಚಹಾ ಬಿಟ್ಟು ಏಳಲು ಬೇಜಾರಾಗಿ ಅಂಗಡಿಯ ಹುಡುಗನ ಕೈಗೆ ಎಟಿಎಂ ಕಾರ್ಡು ಕೊಡುತ್ತಾರೆ. ಹುಡುಗ ರಸ್ತೆ ದಾಟಿ, "ಸಾವ್ಕಾರ್ರ, ನಂಬರ್?" ಎಂದು ಕೂಗುತ್ತಾನೆ. ಇವರು ಕೂತಲ್ಲಿಂದಲೇ ನಾಲ್ಕೂ ಅಂಕಿ ಒದರುತ್ತಾರೆ. ಗದ್ದಲದಲ್ಲಿ ಹುಡುಗನಿಗೆ ಕೊನೆಯದು ಕೇಳಿಸುವುದಿಲ್ಲ. ಕಬ್ಬಿನ ಟ್ರ್ಯಾಕ್ಟರಿನ ಡ್ರೈವರ್ ತಿರುಗಿಯೂ ನೋಡದೆ ಹೇಳುತ್ತಾನೆ:

"ಏಳಲೇ, ಏಳು. ಹ್ವಾದ ವಾರದ್ದ ಐತಿ."