ತಿರುಗಿಸೋದಕ್ಕ ಬ್ಯಾರೆ ರೇಟು

ಅಕ್ಕನ ಮಗ ಹಂಪಿಗೆ ಹೊರಟಾಗ ನನ್ನನ್ನೂ ಕಾರಿನ ಹಿಂದಿನ ಸೀಟಿಗೆ ತುಂಬಿಕೊಂಡ. ಎರಡು ದಿನದ ಪಟ್ಟಿ ಅವನ ಮೊಬೈಲಿನಲ್ಲಿ ಸಿದ್ಧವಾಗಿತ್ತು. ಸೂರ್ಯೋದಯ 20 ನಿಮಿಷ, ಹೆರಿಟೇಜ್ 45 ನಿಮಿಷ, ಉಳಿದದ್ದೆಲ್ಲ ‘ಆಕ್ಟಿವಿಟಿ’. 1336ರಿಂದ 1565ರವರೆಗೆ ಮೆರೆದ ರಾಜಧಾನಿಗೆ ಮುಕ್ಕಾಲು ಗಂಟೆ ಸಾಕೇನೋ ಅಂದೆ. “ಮಾಮ, ಫೋಟೋ ಟೈಮೂ ಅದರಲ್ಲೇ ಸೇರಿದೆ” ಅಂದ.

ಸೇರಿತ್ತು, ನಿಜ. ವಿಜಯವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಎದುರು ಜನ ಐವತ್ತು ರೂಪಾಯಿ ನೋಟು ಹಿಡಿದು ಸಾಲುಗಟ್ಟಿದ್ದರು. ನೋಟಿನ ಹಿಂಬದಿಯ ರಥಕ್ಕೂ ಕಲ್ಲಿನ ರಥಕ್ಕೂ ತಾಳೆ ಹಾಕಿ, ಅಸಲಿಯೇ ಎಂದು ಖಾತ್ರಿ ಮಾಡಿಕೊಂಡು (ನೋಟಲ್ಲ, ರಥ) ಮುಂದೆ ಸರಿಯುತ್ತಿದ್ದರು. ರಥದ ಕಡೆ ಬರಿಗಣ್ಣಲ್ಲಿ ನೋಡಿದವನು ಕಾವಲುಗಾರ ಒಬ್ಬನೇ. ಅವನಿಗೆ ಬೇರೆ ದಾರಿಯಿರಲಿಲ್ಲ.

ಇಲ್ಲಿಗೆ ಬಂದು ಮೈಬಗ್ಗಿಸಿ ದುಡಿದವರೂ ಇದ್ದಾರೆ. 2019ರಲ್ಲಿ ಕೆಲವು ಹುಡುಗರು ಕಲ್ಲುಕಂಬ ಬೀಳಿಸುವುದನ್ನೇ ಆಕ್ಟಿವಿಟಿ ಮಾಡಿಕೊಂಡು ವಿಡಿಯೊದಲ್ಲಿ ಸಿಕ್ಕಿಬಿದ್ದರು. ನ್ಯಾಯಾಲಯ ತಲೆಗೆ 70,000 ರೂಪಾಯಿ ದಂಡ ಹಾಕಿ, ಬಿದ್ದ ಕಂಬಗಳನ್ನು ಅವರಿಂದಲೇ ಎತ್ತಿಸಿ ನಿಲ್ಲಿಸಿತು. ಪರಂಪರೆಯ ಭಾರ ಎಂದು ಭಾಷಣ ಬಿಗಿಯುವವರು ಬಹಳ ಮಂದಿ. ಅದು ಎಷ್ಟು ಕ್ವಿಂಟಲ್ ಎಂದು ಹೆಗಲಿಗೆ ಗೊತ್ತಾದದ್ದು ಆ ಹುಡುಗರಿಗೆ ಮಾತ್ರ.

ಹಾಳು ಹಂಪಿ ಅನ್ನುತ್ತಿದ್ದರು ನಮ್ಮ ಹಿರಿಯರು. ಹಾಳು ಅನ್ನಿಸಿಕೊಳ್ಳಬೇಕಾದರೆ ಅಲ್ಲಿ ಜನ ಇರಬಾರದು. ವಿರೂಪಾಕ್ಷನ ಎದುರಿನ ಬಜಾರಿನ ಮಂಟಪಗಳಲ್ಲಿ ಒಲೆ ಹೂಡಿಕೊಂಡು, ಚಹಾ ಮಾರಿಕೊಂಡು ಇದ್ದ ಸಂಸಾರಗಳು ಈ ಸಣ್ಣ ಲೆಕ್ಕವನ್ನು ಕೆಡಿಸುತ್ತಿದ್ದವು. 2011ರ ಜುಲೈಯಲ್ಲಿ ಜೆಸಿಬಿ ಬಂದು ಸರಿಮಾಡಿತು. ಈಗ ಅದು ಅಪ್ಪಟ ಬಜಾರು: ಮಾರುವವರಿಲ್ಲ, ಕೊಳ್ಳುವವರಿಲ್ಲ, ಗೈಡ್ ಮಾತ್ರ ಇಲ್ಲೇ ಮುತ್ತುರತ್ನ ಸುರಿದು ಮಾರುತ್ತಿದ್ದರು ಅನ್ನುತ್ತಾನೆ. 2020ರಲ್ಲಿ ಹೊಳೆಯಾಚೆ ವಿರೂಪಾಪುರ ಗಡ್ಡಿಯ ರೆಸಾರ್ಟುಗಳೂ ನೆಲಸಮವಾದವು. ದಿಂಬು, ಜೋಕಾಲಿಗಳು ಸಾಣಾಪುರದ ಕಡೆ ನಡೆದವು. ಅಲ್ಲೊಂದು ಕಡೆ ಜೋಳದ ರೊಟ್ಟಿ ಕೇಳಿದೆ. “ಹಮ್ಮಸ್ ಐತ್ರಿ” ಅಂದರು.

ಹರಿಗೋಲಿನ ವಿಷಯಕ್ಕೆ ಬರುತ್ತೇನೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಈ ಹೊಳೆಯ ಬುಟ್ಟಿದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ. ಬೇಕೆಂದರೆ ಕುದುರೆ, ಎತ್ತುಗಳೂ ದಾಟುತ್ತವೆ. ಒಂದೇ ಐಬು, ನೇರ ಹೋಗಲಾರದೆ ತಿರುಗುತ್ತಲೇ ಇರುತ್ತವಂತೆ. ಐನೂರು ವರ್ಷದಲ್ಲಿ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ, ಐಬಿಗೆ ಬೆಲೆ ಬಂದಿದೆ. “ಸುಮ್ನ ಅಡ್ಡಾಡಿಸೋದಕ್ಕ ಒಂದು ರೇಟು ಸರ, ಗರಗರ ತಿರುಗಿಸೋದಕ್ಕ ಬ್ಯಾರೆ ರೇಟು” ಅಂದ ಅಂಬಿಗ. ಅಳಿಯ ಎರಡನೆಯದನ್ನೇ ಆರಿಸಿದ. ಬೆಟ್ಟ, ಬಂಡೆ, ಮಂಟಪ, ಅಂಬಿಗ, ಮತ್ತೆ ಬೆಟ್ಟ. ಹೆರಿಟೇಜ್ ಪೂರ್ತಿ ಅರ್ಧ ನಿಮಿಷದಲ್ಲಿ ಎಂಟು ಸಲ ನೋಡಿದಂತಾಯಿತು. ಪಟ್ಟಿಯಲ್ಲಿ 45 ನಿಮಿಷ ಸುಮ್ಮನೆ ದಂಡ.

ತಿರುಗುವ ವಿದ್ಯೆ ಹರಿಗೋಲಿಗೆ ಮಾತ್ರ ಗೊತ್ತು ಅಂದುಕೊಳ್ಳಬೇಡಿ. ಈಚೆ ದಡ ವಿಜಯನಗರ ಜಿಲ್ಲೆ, ಆನೆಗೊಂದಿ ಇರುವ ಆಚೆ ದಡ ಕೊಪ್ಪಳ ಜಿಲ್ಲೆ. ನಡುವೆ ತಳವಾರಘಟ್ಟದಲ್ಲಿ ಸೇತುವೆ ಕಟ್ಟಲು ಹೊರಟಿದ್ದೇ, 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಹಂಪಿ 1999ರಲ್ಲಿ ಅಪಾಯದ ಪಟ್ಟಿಗೂ ಸೇರಿತು. ಕೆಲಸ ನಿಂತಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. ಕೆಲಸ ಮತ್ತೆ ಶುರುವಾಗಿ 2009ರ ಜನವರಿಯಲ್ಲಿ ಸೇತುವೆಯೇ ಕುಸಿದು ಕೂಲಿಕಾರರು ಸತ್ತರು. ಅವರ ವಿಷಯದಲ್ಲಿ ನಗಲು ನನ್ನಿಂದಾಗದು. ಆಮೇಲೆ ಕೆಳಗಡೆ ಕಡೆಬಾಗಿಲಿನ ಹತ್ತಿರ ಬೇರೆ ಸೇತುವೆ ಬಂತು. ವಿಜಯನಗರದ ಅರಸರ ಕಾಲದ ಸೇತುವೆಯ ಕಲ್ಲುಕಂಬಗಳು ಮಾತ್ರ ಹೊಳೆಯ ನಡುವೆ ಇನ್ನೂ ಹಾಗೇ ನಿಂತಿವೆ.

ಸಂಜೆ ಅಳಿಯ ತನ್ನ ವಿಡಿಯೊಗೆ ಹಾಡು ಹುಡುಕುತ್ತಿದ್ದ. ನಾನು ದಡದ ಬಂಡೆಯ ಮೇಲೆ ಕೂತಿದ್ದೆ. ಅದೇ ಅಂಬಿಗ ಈಗ ಹುಲ್ಲಿನ ಹೊರೆ ಇಟ್ಟುಕೊಂಡಿದ್ದ ಮುದುಕಿ, ಶಾಲೆ ಹುಡುಗರಿಬ್ಬರು, ಒಂದು ಮೋಟರ್ ಸೈಕಲ್ ಹಾಕಿಕೊಂಡು ಹೊರಟ. ಹರಿಗೋಲು ಗೆರೆ ಎಳೆದ ಹಾಗೆ ನೆಟ್ಟಗೆ ಆಚೆ ದಡ ಸೇರಿತು. ವಾಪಸು ಬಂದಾಗ ಕೇಳಿದೆ, “ಏನಪ್ಪಾ, ಅವರನ್ನ ಒಂದು ಸುತ್ತೂ ತಿರುಗಿಸಲಿಲ್ಲವಲ್ಲ?”

“ಅವರು ಮನೀಗೆ ಹೋಗಬೇಕಲ್ರೀ ಯಜಮಾನ್ರ” ಅಂದ.